ಮೊದಲ ಕಥಾ ಸಂಕಲನ: ಹಸ್ತಪ್ರತಿಯಿಂದ ಒಪ್ಪಂದದವರೆಗೆ

ಕನ್ನಡದ ಪ್ರಕಾಶನ ಸಂಸ್ಥೆಗಳಲ್ಲಿ ಹೆಚ್ಚಿನವು ಒಬ್ಬಿಬ್ಬರ ದುಡಿಮೆಯಿಂದ ನಡೆಯುವಂಥವು. ಬಂದ ಹಸ್ತಪ್ರತಿಯನ್ನು ಓದುವವರು, ಕರಡು ತಿದ್ದಿಸುವವರು, ಮುಖಪುಟದ ಕಲಾವಿದರ ಬೆನ್ನು ಹತ್ತುವವರು, ಮುದ್ರಣಾಲಯಕ್ಕೆ ಹಣ ಹೊಂದಿಸುವವರು, ಕಡೆಗೆ ಪುಸ್ತಕದ ಕಟ್ಟನ್ನು ಅಂಚೆ ಕಚೇರಿಗೆ ಒಯ್ಯುವವರು ಎಲ್ಲರೂ ಒಬ್ಬರೇ ಆಗಿರುವುದು ಅಪರೂಪವಲ್ಲ. ಲೇಖಕರಿಗೂ ಪ್ರಕಾಶಕರಿಗೂ ನಡುವೆ ನಿಂತು ವ್ಯವಹರಿಸುವ ಏಜೆಂಟರ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲವಾದ್ದರಿಂದ ಹೊಸಬರೂ ನೇರವಾಗಿ ಪ್ರಕಾಶಕರಿಗೇ ಬರೆಯಬಹುದು. ಇದು ದೊಡ್ಡ ಅನುಕೂಲವೇ ಸರಿ. ಆದರೆ ಹಾಗೆ ಬರೆದವರೆಲ್ಲರ ಹಸ್ತಪ್ರತಿಗಳೂ ಅದೇ ಒಂದು ಮೇಜಿನ ಮೇಲೆ ಬಂದು ಬೀಳುತ್ತವೆ ಎಂಬುದನ್ನು ಮರೆಯಬಾರದು. ಕೆಳಗಿನ ಸಲಹೆಗಳಲ್ಲಿ ಬಹುಪಾಲು ಆ ಮೇಜಿನ ಹಿಂದೆ ಕುಳಿತವರ ಹೊತ್ತನ್ನು ಉಳಿಸುವುದಕ್ಕೆ ಸಂಬಂಧಿಸಿದವು. ಉದಾಹರಣೆಗೆಂದು ಕಥಾ ಸಂಕಲನವನ್ನು ಆಯ್ದುಕೊಂಡಿದ್ದೇನೆ. ಕಾದಂಬರಿಗೂ ಪ್ರಬಂಧಗಳಿಗೂ ಇವೇ ಮಾತುಗಳು ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಸಲ್ಲುತ್ತವೆ. ಕವನ ಸಂಕಲನಕ್ಕೆ ಮಾತ್ರ ಪ್ರಕಾಶಕರು ದೊರೆಯುವುದು ಇವೆಲ್ಲಕ್ಕಿಂತ ಕಷ್ಟವೆಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಕಥೆಗಳನ್ನು ಆರಿಸಿ ಜೋಡಿಸುವುದು

ಕನ್ನಡದ ಕಥಾ ಸಂಕಲನಗಳು ಸಾಮಾನ್ಯವಾಗಿ 1/8 ಡೆಮಿ ಎಂಬ ಪುಸ್ತಕದ ಅಳತೆಯಲ್ಲಿ, 120ರಿಂದ 160 ಪುಟಗಳ ಆಸುಪಾಸಿನಲ್ಲಿ ಬರುತ್ತವೆ. ಆ ಆಕಾರದ ಒಂದು ಪುಟದಲ್ಲಿ ಅಕ್ಷರದ ಗಾತ್ರಕ್ಕೆ ತಕ್ಕಂತೆ ಸುಮಾರು 200ರಿಂದ 230 ಪದಗಳು ಹಿಡಿಯುತ್ತವೆಂದು ಲೆಕ್ಕ ಹಾಕಿದರೆ, ಇಪ್ಪತ್ತೈದು ಮೂವತ್ತು ಸಾವಿರ ಪದಗಳ ಹಸ್ತಪ್ರತಿ ಸಾಕಾಗುತ್ತದೆ. ಪುಸ್ತಕ ಅಚ್ಚಾಗುವುದು ಫಾರಂಗಳಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಗಳ ಕಟ್ಟುಗಳಲ್ಲಿ. 144 ಪುಟಕ್ಕೆ ಮುಗಿಯಬೇಕಾದ ಪುಸ್ತಕ 147ಕ್ಕೆ ಹೋದರೆ ಪ್ರಕಾಶಕರು ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಸೇರಿಸಬೇಕು, ಇಲ್ಲವೇ ಎಲ್ಲೋ ಒಂದೆಡೆ ಕತ್ತರಿ ಆಡಿಸಬೇಕು. ಈ ಲೆಕ್ಕ ಗೊತ್ತಿರುವ ಲೇಖಕರೊಂದಿಗೆ ಮಾತುಕತೆ ಸುಲಭವಾಗುತ್ತದೆ.

ಬರೆದ ಕಥೆಗಳನ್ನೆಲ್ಲ ಸಂಕಲನಕ್ಕೆ ತುಂಬುವ ಆಸೆಯನ್ನು ಬಿಡಬೇಕು. ಒಂದೇ ಬಗೆಯ ಮುಕ್ತಾಯವಿರುವ ಎರಡು ಕಥೆಗಳಿದ್ದರೆ ಒಂದನ್ನು ತೆಗೆದಿಡಿ. ಓದುವವರು ಮೊದಲ ಕಥೆಯಲ್ಲೇ ಕೈಬಿಡಬಹುದಾದ್ದರಿಂದ, ಮೊದಲು ಬರೆದ ಕಥೆ ಮೊದಲು ಎಂಬ ಕಾಲಾನುಕ್ರಮವನ್ನು ಬದಿಗಿಟ್ಟು, ನಿಮ್ಮ ದನಿ ಸ್ಪಷ್ಟವಾಗಿ ಕೇಳುವ ಕಥೆಯನ್ನು ಮುಂದಿಡುವುದು ಲೇಸು. ಯಾವ ಕಥೆ ಯಾವ ಪತ್ರಿಕೆಯಲ್ಲಿ, ಯಾವ ತಿಂಗಳು ಪ್ರಕಟವಾಯಿತು, ಯಾವ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು ಎಂಬ ಪಟ್ಟಿಯೊಂದನ್ನು ಈಗಲೇ ಮಾಡಿಟ್ಟುಕೊಳ್ಳಿ. ಮಯೂರ, ಸುಧಾ, ತರಂಗ, ತುಷಾರಗಳಂಥ ಪತ್ರಿಕೆಗಳಲ್ಲಿ ಒಂದೆರಡು ಕಥೆಗಳು ಬಂದಿದ್ದರೆ, ಸಂಪಾದಕರೊಬ್ಬರು ಆಗಲೇ ನಿಮ್ಮ ಬರವಣಿಗೆಯನ್ನು ಓದಿ ಒಪ್ಪಿದ್ದಾರೆಂಬುದು ಪ್ರಕಾಶಕರಿಗೆ ತಿಳಿಯುತ್ತದೆ. ಯಾವುದೂ ಪ್ರಕಟವಾಗಿಲ್ಲದಿದ್ದರೆ, ಸಂಕಲನಕ್ಕೆ ಆತುರಪಡುವ ಬದಲು ಒಂದು ವರ್ಷ ಬಿಡಿ ಕಥೆಗಳನ್ನು ಪತ್ರಿಕೆಗಳಿಗೆ ಕಳುಹಿಸುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಕಥೆಯ ತಲೆಯಲ್ಲೋ ನಡುವೆಯೋ ಬೇರೆ ಕವಿಗಳ ಸಾಲುಗಳನ್ನು ಬಳಸಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಬೇಕು. ಭಾರತದಲ್ಲಿ ಹಕ್ಕುಸ್ವಾಮ್ಯವು ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷಗಳವರೆಗೆ ಇರುತ್ತದೆ. ವಚನ, ಕೀರ್ತನೆಗಳಿಗೆ ಈ ತೊಡಕಿಲ್ಲ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಬರಹಗಳು ಸಾರ್ವಜನಿಕವಾಗಿವೆ, ಯಾರ ಅನುಮತಿಯೂ ಬೇಡ. ಆದರೆ 1975ರಲ್ಲಿ ತೀರಿಕೊಂಡ ಡಿವಿಜಿ ಅವರ ಬರಹಗಳ ಹಕ್ಕು 2035ರ ಕೊನೆಯವರೆಗೂ, 1981ರಲ್ಲಿ ತೀರಿಕೊಂಡ ಬೇಂದ್ರೆಯವರದು 2041ರ ಕೊನೆಯವರೆಗೂ ಉಳಿದಿರುತ್ತದೆ. ಇಡೀ ಪದ್ಯವನ್ನೋ ಚಿತ್ರಗೀತೆಯ ಪಲ್ಲವಿಯನ್ನೋ ಎತ್ತಿಕೊಂಡಿದ್ದರೆ ಅನುಮತಿ ಪಡೆಯಿರಿ, ಇಲ್ಲವೇ ತೆಗೆದುಹಾಕಿ. ತೆಗೆದುಹಾಕಿದ್ದರಿಂದ ಕೆಟ್ಟ ಕಥೆಗಳು ಕಡಿಮೆ.

ಕಡತವನ್ನು ಸಿದ್ಧಪಡಿಸುವುದು

ಹೊಸ ಲೇಖಕರ ಹಸ್ತಪ್ರತಿಗಳು ಓದುವ ಮೊದಲೇ ಬೇಸರ ತರಿಸುವುದು ಹೆಚ್ಚಾಗಿ ಇಲ್ಲಿ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೋ ಫೋನಿನಲ್ಲೋ ತೆರೆದರೆ ಲ್ಯಾಟಿನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಕಾಣಿಸುತ್ತವೆ. ಈಗ ಬರೆಯುವವರು ಎಲ್ಲ ಕಂಪ್ಯೂಟರು, ಫೋನುಗಳೂ ಓದಬಲ್ಲ ಯೂನಿಕೋಡಿನಲ್ಲೇ ಬರೆಯಬೇಕು. ಹಳೆಯ ಕಥೆಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದಿದ್ದರೆ ಪ್ರತಿ ಸಾಲನ್ನೂ ಕಣ್ಣಾರೆ ನೋಡಬೇಕು. ಆಸ್ಕಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಹಾಗಾಗಿ ವರ್ಷ, ಮಾರ್ಗ, ಧರ್ಮ ಮುಂತಾದ ಪದಗಳು ಕೆಟ್ಟಿರುವ ಸಂಭವ ಹೆಚ್ಚು. ಸಾಫ್ಟ್‌ವೇರ್, ಫೇಸ್‌ಬುಕ್ ಮೊದಲಾದ ಪದಗಳಲ್ಲಿ ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸುವ ಕಾಣದ ಚಿಹ್ನೆ ಕಳೆದುಹೋಗಿ, ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿದುಬಿಡುತ್ತದೆ. ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತುವವರು ಬಹಳ ಮಂದಿ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಪುಟವಿನ್ಯಾಸ ಮಾಡುವವರು ಬೆಂಗಳೂರು ಎಂದು ಹುಡುಕಿದಾಗ ನಿಮ್ಮ ‘ಬೆ೦ಗಳೂರು’ ಸಿಗುವುದಿಲ್ಲ, ಸಾಲಿನ ಕೊನೆಯಲ್ಲಿ ಪದ ಎಲ್ಲೆಂದರಲ್ಲಿ ಮುರಿಯುತ್ತದೆ. ಕಡತದಲ್ಲಿ ಸೊನ್ನೆಯನ್ನು ಹುಡುಕಿ, ಅಂಕಿಗಳನ್ನು ಬಿಟ್ಟು ಉಳಿದೆಡೆ ಅನುಸ್ವಾರ ಹಾಕಲು ಅರ್ಧ ಗಂಟೆಯೂ ಬೇಡ.

ಎ4 ಪುಟ, 12 ಅಥವಾ 13ರ ಅಕ್ಷರಗಾತ್ರ, ಸಾಲುಗಳ ನಡುವೆ ಒಂದೂವರೆಯಷ್ಟು ಅಂತರ, ಪ್ರತಿ ಪುಟಕ್ಕೂ ಸಂಖ್ಯೆ, ಪ್ರತಿ ಕಥೆಯೂ ಹೊಸ ಪುಟದಿಂದ ಆರಂಭ. ಇಷ್ಟಿದ್ದರೆ ಸಾಕು. ಅಲಂಕಾರದ ಫಾಂಟು, ಅಂಚುಪಟ್ಟಿ, ಅಂತರ್ಜಾಲದಿಂದ ಎತ್ತಿಕೊಂಡ ಚಿತ್ರಗಳು ಬೇಡ. ಮುಖಪುಟವನ್ನು ನೀವೇ ಮಾಡಿಸಿ ಕಳುಹಿಸುವುದಂತೂ ಬೇಡವೇ ಬೇಡ. ವರ್ಡ್ ಕಡತದ ಜೊತೆಗೆ ಅದರ ಪಿಡಿಎಫ್ ಪ್ರತಿಯನ್ನೂ ಕಳುಹಿಸಿದರೆ, ಅಕ್ಷರ ಎಲ್ಲಿ ಕೆಟ್ಟಿದೆ ಎಂದು ಹೋಲಿಸಿ ನೋಡುವುದು ಸಾಧ್ಯವಾಗುತ್ತದೆ.

ಕಥೆಗಳಲ್ಲಿ ಧಾರವಾಡದ, ಕಲಬುರಗಿಯ, ಕುಂದಾಪುರದ ಅಥವಾ ಚಾಮರಾಜನಗರದ ಆಡುಮಾತು ಬಳಸಿರುವವರು ಇನ್ನೊಂದು ಕೆಲಸ ಮಾಡಬೇಕು. ‘ಹೋಗ್ಯಾನ’ ಎಂದು ಒಂದು ಪುಟದಲ್ಲಿ, ‘ಹೋಗ್ಯಾನೆ’ ಎಂದು ಮತ್ತೊಂದರಲ್ಲಿ ಇದ್ದರೆ ಕರಡು ತಿದ್ದುವವರು ಎರಡನ್ನೂ ತಪ್ಪೆಂದು ಭಾವಿಸಿ ‘ಹೋಗಿದ್ದಾನೆ’ ಮಾಡಿಬಿಡುತ್ತಾರೆ. ನೀವು ಉದ್ದೇಶಪೂರ್ವಕವಾಗಿ ಬಳಸಿದ ರೂಪಗಳನ್ನು ಅರ್ಧ ಪುಟದ ಪಟ್ಟಿಯಾಗಿ ಬರೆದು ಹಸ್ತಪ್ರತಿಯ ಕೊನೆಯಲ್ಲಿ ಇಡಿ. ಒಪ್ಪಿಗೆ ಸಿಕ್ಕ ಮೇಲೆ ಈ ಅರ್ಧ ಪುಟ ವಾರಗಟ್ಟಲೆ ಜಗಳವನ್ನು ತಪ್ಪಿಸುತ್ತದೆ.

ಯಾರಿಗೆ ಕಳುಹಿಸುವುದು

ಪ್ರಕಾಶಕರ ವಿಳಾಸಗಳ ಪಟ್ಟಿ ಹಿಡಿದು ಎಲ್ಲರಿಗೂ ಒಂದೇ ಇಮೇಲ್ ಕಳುಹಿಸುವವರಿಗೆ ಉತ್ತರ ಬರುವುದು ಕಡಿಮೆ. ಅದರ ಬದಲು ಹತ್ತಿರದ ಗ್ರಂಥಾಲಯಕ್ಕೋ ಪುಸ್ತಕದಂಗಡಿಗೋ ಹೋಗಿ, ಈಚಿನ ಮೂರು ನಾಲ್ಕು ವರ್ಷಗಳಲ್ಲಿ ಬಂದ ಹೊಸಬರ ಕಥಾ ಸಂಕಲನಗಳನ್ನು ತೆಗೆದು, ಶೀರ್ಷಿಕೆ ಪುಟದ ಹಿಂಬದಿಯಲ್ಲಿರುವ ವಿವರಗಳನ್ನು ಓದಿ. ಮೊದಲ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಬೆಲೆ, ಬಳಸಿದ ಕಾಗದ, ಹಕ್ಕು ಲೇಖಕರದೋ ಪ್ರಕಾಶಕರದೋ ಎಂಬುದು ಎಲ್ಲವೂ ಅಲ್ಲಿರುತ್ತದೆ. ಪ್ರಕಾಶನದ ವಿಳಾಸವೂ ಲೇಖಕರ ವಿಳಾಸವೂ ಒಂದೇ ಆಗಿದ್ದರೆ ಅದು ಸ್ವಂತ ಖರ್ಚಿನ ಪುಸ್ತಕ. ಎರಡನೆಯ ಮುದ್ರಣ ಕಂಡ ಹೊಸಬರ ಪುಸ್ತಕ ಸಿಕ್ಕರೆ ಆ ಪ್ರಕಾಶಕರ ಹೆಸರನ್ನು ತಪ್ಪದೆ ಬರೆದುಕೊಳ್ಳಿ.

ಪ್ರತಿ ಸಂಸ್ಥೆಗೂ ಅದರದೇ ಒಲವಿದೆ. ಧಾರವಾಡದ ಮನೋಹರ ಗ್ರಂಥಮಾಲಾ 1933ರಿಂದ ಸಾಹಿತ್ಯಕೃತಿಗಳನ್ನು ತರುತ್ತಿರುವ ಸಂಸ್ಥೆ. ಹೆಗ್ಗೋಡಿನ ಅಕ್ಷರ ಪ್ರಕಾಶನದ ಪಟ್ಟಿಯಲ್ಲಿ ನಾಟಕ, ರಂಗಭೂಮಿ, ವಿಮರ್ಶೆಗಳ ತೂಕ ಹೆಚ್ಚು. ನವಕರ್ನಾಟಕವು ವಿಜ್ಞಾನ ಮತ್ತು ವೈಚಾರಿಕ ಪುಸ್ತಕಗಳಿಗೆ ಹೆಸರಾದದ್ದು. ಗದಗದ ಲಡಾಯಿ ಪ್ರಕಾಶನದ ಪುಸ್ತಕಗಳಲ್ಲಿ ಚಳವಳಿಗಳ ನಂಟು ಎದ್ದು ಕಾಣುತ್ತದೆ. ಅಂಕಿತ, ಸಪ್ನ, ಅಭಿನವ, ಅಹರ್ನಿಶಿ ಎಂದು ಪಟ್ಟಿ ಬೆಳೆಸಬಹುದು. ಆದರೆ ಅವರ ಐದಾರು ಪುಸ್ತಕಗಳನ್ನಾದರೂ ಓದದೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ. ಕಥೆಗಾರರು ವಿಶೇಷವಾಗಿ ಗಮನಿಸಬೇಕಾದದ್ದು ಬೆಂಗಳೂರಿನ ಛಂದ ಪುಸ್ತಕದ ಹಸ್ತಪ್ರತಿ ಸ್ಪರ್ಧೆಯನ್ನು. ಕಥಾ ಸಂಕಲನ ಇನ್ನೂ ಪ್ರಕಟವಾಗದ ಕಥೆಗಾರರಿಂದ ಹಸ್ತಪ್ರತಿಗಳನ್ನು ಆಹ್ವಾನಿಸಿ, ಆಯ್ಕೆಯಾದದ್ದನ್ನು ಬಹುಮಾನದೊಂದಿಗೆ ಪ್ರಕಟಿಸುವ ಕೆಲಸವನ್ನು ಅದು ಮಾಡುತ್ತ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರವು 18ರಿಂದ 35 ವರ್ಷದೊಳಗಿನ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸುತ್ತದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಇಂಥ ಸ್ಪರ್ಧೆ ಮತ್ತು ಯೋಜನೆಗಳ ನಿಯಮಗಳನ್ನು ಅಕ್ಷರಶಃ ಪಾಲಿಸಬೇಕು. ಹಸ್ತಪ್ರತಿಯ ಮೇಲೆ ಹೆಸರು ಬರೆಯಬಾರದೆಂದಿದ್ದರೆ ಕಡತದ ಹೆಸರಿನಲ್ಲೂ ಅದು ಇರಬಾರದು.

ಪತ್ರ

ಮೊದಲ ಪತ್ರದಲ್ಲೇ ಇಡೀ ಹಸ್ತಪ್ರತಿಯನ್ನು ಕಳುಹಿಸುವ ಬದಲು ಎರಡು ಕಥೆಗಳನ್ನು ಕಳುಹಿಸಿ, ಉಳಿದದ್ದು ಸಿದ್ಧವಿದೆಯೆಂದು ತಿಳಿಸುವುದು ಉತ್ತಮ. ಪ್ರಕಾಶಕರು ಪೂರ್ತಿಯಾಗಿ ಕಳುಹಿಸಬೇಕೆಂದು ಎಲ್ಲಾದರೂ ಹೇಳಿದ್ದರೆ ಆ ಮಾತೇ ಅಂತಿಮ. ಕೇಳದೆ ವಾಟ್ಸ್ಆ್ಯಪಿಗೆ ನೂರೈವತ್ತು ಪುಟ ಹಾಕಿ, ಮರುದಿನ ‘ಓದಿದಿರಾ ಸರ್’ ಎಂದು ಕೇಳುವುದು ಸಲ್ಲದು. ಪತ್ರ ಹೀಗಿರಬಹುದು:

‘ಮಾನ್ಯರೇ, ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಒಂಬತ್ತು ಕಥೆಗಳ ನನ್ನ ಮೊದಲ ಸಂಕಲನದ ಹಸ್ತಪ್ರತಿ ಸಿದ್ಧವಾಗಿದೆ. ಅಂದಾಜು ಇಪ್ಪತ್ತೆಂಟು ಸಾವಿರ ಪದಗಳಿವೆ. ಎಡದಂಡೆ ಕಾಲುವೆಯ ಕೊನೆಯ ಹಳ್ಳಿಗಳಲ್ಲಿ, ನೀರಿನ ಸರದಿಗಾಗಿ ಕಾಯುವ ಕುಟುಂಬಗಳ ನಡುವೆ ಈ ಕಥೆಗಳು ನಡೆಯುತ್ತವೆ. ನಾಲ್ಕು ಕಥೆಗಳು ಪತ್ರಿಕೆಗಳಲ್ಲಿ ಪ್ರಕಟವಾಗಿದ್ದು ವಿವರಗಳನ್ನು ಲಗತ್ತಿಸಿದ್ದೇನೆ. ತಾವು ಕಳೆದ ವರ್ಷ ಪ್ರಕಟಿಸಿದ ಹೊಸ ಕಥೆಗಾರರ ಎರಡು ಸಂಕಲನಗಳನ್ನು ಓದಿ, ಈ ಹಸ್ತಪ್ರತಿ ತಮ್ಮ ಪ್ರಕಾಶನಕ್ಕೆ ಹೊಂದಬಹುದೆಂದು ಬರೆಯುತ್ತಿದ್ದೇನೆ. ಎರಡು ಕಥೆಗಳನ್ನು ಲಗತ್ತಿಸಿದೆ. ಇಷ್ಟವಾದರೆ ಉಳಿದವನ್ನು ಕಳುಹಿಸುತ್ತೇನೆ. ಇದೇ ಹಸ್ತಪ್ರತಿಯನ್ನು ಸದ್ಯ ಬೇರಾರಿಗೂ ಕಳುಹಿಸಿಲ್ಲ.’

ಇದಕ್ಕಿಂತ ಉದ್ದ ಬೇಡ. ಈ ಪತ್ರದ ಜೀವ ಇರುವುದು ಕಾಲುವೆಯ ವಾಕ್ಯದಲ್ಲಿ. ‘ಮಾನವೀಯ ಮೌಲ್ಯಗಳನ್ನು ಬಿಂಬಿಸುವ ಕಥೆಗಳು’ ಎಂದು ಬರೆದಿದ್ದರೆ ಓದುವವರಿಗೆ ಏನೂ ತಿಳಿಯುತ್ತಿರಲಿಲ್ಲ. ಬಾಲ್ಯದಿಂದಲೂ ಸಾಹಿತ್ಯದಲ್ಲಿ ಆಸಕ್ತಿಯಿದೆ ಎಂಬ ಮಾತೂ, ಸ್ನೇಹಿತರು ಮೆಚ್ಚಿದ್ದಾರೆಂಬ ಮಾತೂ ಬೇಕಿಲ್ಲ. ಯಾರ ಹೆಸರಿಗೆ ಬರೆಯುತ್ತಿದ್ದೀರೋ ಆ ಹೆಸರಿನ ಕಾಗುಣಿತವನ್ನು ಎರಡು ಸಲ ನೋಡಿಕೊಳ್ಳಿ.

ಮುನ್ನುಡಿಯ ವಿಷಯದಲ್ಲಿ ನಮ್ಮಲ್ಲಿ ವಿಚಿತ್ರ ರೂಢಿಯೊಂದಿದೆ. ಪ್ರಕಾಶಕರು ಒಪ್ಪುವ ಮೊದಲೇ ಹಿರಿಯ ಸಾಹಿತಿಗಳ ಮನೆಗೆ ಹೋಗಿ ಮುನ್ನುಡಿ ಬರೆಸಿ, ಇನ್ನೊಬ್ಬರಿಂದ ಬೆನ್ನುಡಿ ಪಡೆದು, ಕೃತಜ್ಞತೆಯ ಪುಟವನ್ನೂ ಸೇರಿಸಿ ಹಸ್ತಪ್ರತಿ ಕಳುಹಿಸುತ್ತಾರೆ. ಹಿರಿಯರು ಸೌಜನ್ಯದಿಂದ ಬರೆದ ಮೂರು ಪುಟಗಳಿಂದ ಪ್ರಕಾಶಕರ ತೀರ್ಮಾನ ಬದಲಾಗುವುದಿಲ್ಲ. ಮೇಲಾಗಿ, ಮುಂದೆ ಎರಡು ಕಥೆಗಳನ್ನು ಕೈಬಿಡಬೇಕಾಗಿ ಬಂದಾಗ ಮುನ್ನುಡಿಯಲ್ಲಿ ಹೊಗಳಿಸಿಕೊಂಡ ಕಥೆಯೇ ಅದರಲ್ಲಿ ಒಂದಾಗಿದ್ದರೆ ಎಲ್ಲರಿಗೂ ಮುಜುಗರ. ಮುನ್ನುಡಿ ಬೇಕೇ, ಯಾರಿಂದ ಎಂಬುದನ್ನು ಒಪ್ಪಿಗೆಯಾದ ನಂತರ ಪ್ರಕಾಶಕರೊಂದಿಗೆ ಕೂತು ತೀರ್ಮಾನಿಸಿ. ಮುನ್ನುಡಿಯೇ ಇಲ್ಲದೆ ಬಂದ ಒಳ್ಳೆಯ ಮೊದಲ ಪುಸ್ತಕಗಳು ಬೇಕಾದಷ್ಟಿವೆ.

ಕಾಯುವುದು

ಮೂರು ತಿಂಗಳು ಕಾಯಿರಿ. ಆಮೇಲೆ ಎರಡು ಸಾಲಿನ ನೆನಪೋಲೆ ಬರೆಯಿರಿ. ಇನ್ನೊಂದು ತಿಂಗಳು ಕಳೆದರೂ ಉತ್ತರ ಬಾರದಿದ್ದರೆ, ಹಸ್ತಪ್ರತಿಯನ್ನು ಬೇರೆಡೆಗೆ ಕಳುಹಿಸುತ್ತಿರುವುದಾಗಿ ತಿಳಿಸಿ ಮುಂದುವರಿಯಿರಿ. ಒಂದೇ ಹೊತ್ತಿಗೆ ಇಬ್ಬರಿಗೆ ಕಳುಹಿಸುವುದು ಅಪರಾಧವಲ್ಲ; ಆದರೆ ಅದನ್ನು ಇಬ್ಬರಿಗೂ ತಿಳಿಸಿರಬೇಕು. ನಮ್ಮ ಪ್ರಕಾಶಕರು ಒಬ್ಬರಿಗೊಬ್ಬರು ಪರಿಚಿತರೇ ಆಗಿರುವುದರಿಂದ ಮುಚ್ಚಿಟ್ಟ ಸಂಗತಿ ಹೊರಬೀಳಲು ತಡವಾಗುವುದಿಲ್ಲ. ಹಸ್ತಪ್ರತಿಯನ್ನು ನಿರಾಕರಿಸಿ ಕಾರಣವನ್ನೂ ಬರೆದವರಿದ್ದರೆ ಅವರಿಗೆ ಧನ್ಯವಾದ ಹೇಳಿ. ವಾದಕ್ಕೆ ಇಳಿಯಬೇಡಿ.

ಹಣ ಮತ್ತು ಒಪ್ಪಂದ

ಪ್ರಕಾಶಕರು ಹಣ ಕೇಳಿದರೆ ಏನು ಮಾಡಬೇಕೆಂಬುದೇ ಹೊಸಬರ ದೊಡ್ಡ ಪ್ರಶ್ನೆ. ಮುದ್ರಣದ ವೆಚ್ಚವನ್ನು ಲೇಖಕರೇ ಕೊಡುವುದು, ಅಥವಾ ಇನ್ನೂರು ಮುನ್ನೂರು ಪ್ರತಿಗಳನ್ನು ಲೇಖಕರೇ ಕೊಂಡುಕೊಳ್ಳುವುದು ಕನ್ನಡದಲ್ಲಿ ಹೊಸದೇನಲ್ಲ. ಅದನ್ನು ಸ್ವಂತ ಪ್ರಕಟಣೆ ಎಂದು ತಿಳಿದು, ಮನಸ್ಸಿದ್ದರೆ ಮಾಡಬಹುದು. ಆದರೆ ಹಣ ಪಡೆದವರು ನಿಮ್ಮ ಕಥೆಗಳನ್ನು ಆರಿಸಿದ್ದಾರೆಂಬ ಭ್ರಮೆ ಇರಬಾರದು. ಹಣ ಕೊಡುವುದಾದರೆ ಎಷ್ಟು ಪ್ರತಿ ಅಚ್ಚಾಗುತ್ತದೆ, ಎಷ್ಟು ನಿಮ್ಮ ಮನೆಗೆ ಬರುತ್ತದೆ, ಉಳಿದದ್ದು ಯಾವ ಅಂಗಡಿಗಳಿಗೆ ಹೋಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಿತರಣೆಯ ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ, ಊರಿನ ಮುದ್ರಣಾಲಯದಲ್ಲಿ ನೀವೇ ಅಚ್ಚು ಹಾಕಿಸಿದರೆ ಅದಕ್ಕಿಂತ ಅಗ್ಗವಾಗುತ್ತದೆ.

ಲೇಖಕರಿಂದ ಹಣ ಪಡೆಯದೆ ಪ್ರಕಟಿಸುವವರು ಸಾಮಾನ್ಯವಾಗಿ ಮುಖಬೆಲೆಯ ಶೇ. 10ರ ಲೆಕ್ಕದಲ್ಲಿ ಗೌರವಧನ ಕೊಡುತ್ತಾರೆ; ಹೊಸಬರಿಗೆ ಹಣದ ಬದಲು ಅಷ್ಟು ಬೆಲೆಯ ಪ್ರತಿಗಳನ್ನೇ ಕೊಡುವವರೂ ಇದ್ದಾರೆ. 160 ರೂಪಾಯಿ ಬೆಲೆಯ ಪುಸ್ತಕದ 500 ಪ್ರತಿಗಳೂ ಮಾರಾಟವಾದರೆ ಲೇಖಕರಿಗೆ ಸೇರುವುದು 8,000 ರೂಪಾಯಿ. ಈ ಮೊತ್ತವನ್ನು ನೋಡಿ ಪ್ರಕಾಶಕರು ಉಳಿದದ್ದನ್ನೆಲ್ಲ ಇಟ್ಟುಕೊಳ್ಳುತ್ತಾರೆಂದು ಕೆಲವರು ಸಿಟ್ಟಾಗುತ್ತಾರೆ. ಅಂಗಡಿಯವರಿಗೆ ಕೊಡುವ ರಿಯಾಯಿತಿಯೇ ಮುಖಬೆಲೆಯ ಮೂರನೇ ಒಂದು ಭಾಗದಷ್ಟಾಗುತ್ತದೆ. ಕಾಗದ, ಮುದ್ರಣ, ಸಾಗಣೆ ಕಳೆದರೆ ಪ್ರಕಾಶಕರಿಗೂ ಉಳಿಯುವುದು ಅಷ್ಟಕ್ಕಷ್ಟೇ.

ಒಪ್ಪಂದ ಬರಹದಲ್ಲೇ ಇರಬೇಕು. ‘ನಮ್ಮ ನಮ್ಮಲ್ಲಿ ಕಾಗದಪತ್ರ ಏಕೆ’ ಎಂಬ ಮಾತು ಕೇಳಿಬಂದರೆ, ಒಂದು ಪುಟದ ಕರಡನ್ನು ನೀವೇ ಬರೆದು ವಿನಯದಿಂದ ಮುಂದಿಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಪ್ರಕರಣದಂತೆ, ಹಕ್ಕನ್ನು ವಹಿಸಿಕೊಡುವುದು ಬರಹದಲ್ಲಿದ್ದು ಸಹಿ ಬಿದ್ದರೆ ಮಾತ್ರ ಊರ್ಜಿತ. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಪರಿಗಣಿಸುತ್ತದೆ. ಬೇರೆ ಷರತ್ತಿಲ್ಲದಿದ್ದಲ್ಲಿ, ವಹಿಸಿಕೊಂಡವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ ಅದು ರದ್ದಾಗುತ್ತದೆ. ಕೃತಿ ರಚನೆಯಾದ ಕೂಡಲೇ ಹಕ್ಕುಸ್ವಾಮ್ಯ ಲೇಖಕರದಾಗುತ್ತದೆ, ನೋಂದಣಿ ಕಡ್ಡಾಯವಲ್ಲ. ಆದ್ದರಿಂದ ಹಸ್ತಪ್ರತಿಯನ್ನು ಕಳುಹಿಸಲು ಹೆದರಬೇಕಿಲ್ಲ. ಹೆದರಬೇಕಾದದ್ದು ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ’ ಎಂಬ ಸಾಲಿಗೆ ಕಣ್ಣುಮುಚ್ಚಿ ಸಹಿ ಹಾಕುವುದಕ್ಕೆ.

ಹೊಸಬರು ಕೇಳಬೇಕಾದದ್ದು ಕನ್ನಡ ಮುದ್ರಿತ ಆವೃತ್ತಿಯ ಹಕ್ಕನ್ನು ಮಾತ್ರ, ಐದು ವರ್ಷಕ್ಕೋ ಒಂದು ಮುದ್ರಣಕ್ಕೋ ಕೊಡುವ ಒಪ್ಪಂದವನ್ನು. ಇ-ಪುಸ್ತಕ, ಆಡಿಯೋ ಪುಸ್ತಕ, ಅನುವಾದ, ಸಿನಿಮಾ ಹಕ್ಕುಗಳು ಲೇಖಕರಲ್ಲೇ ಉಳಿಯಲಿ. ಪ್ರಕಾಶಕರು ಇ-ಪುಸ್ತಕವನ್ನೂ ತರುವವರಾದರೆ ಅದರ ಗೌರವಧನವನ್ನು ಬೇರೆಯಾಗಿ ನಮೂದಿಸಲಿ. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ, ಕನ್ನಡ ಕಥೆಗಳ ಅನುವಾದದ ಹಕ್ಕು ಒಪ್ಪಂದದ ಮೂಲೆಯಲ್ಲಿ ಬಿದ್ದಿರುವ ಔಪಚಾರಿಕ ಸಾಲು ಎಂದು ಯಾರೂ ಹೇಳಲಾರರು. ಮೊದಲ ಮುದ್ರಣದ ಪ್ರತಿಗಳೆಷ್ಟು, ಗೌರವಪ್ರತಿಗಳೆಷ್ಟು, ವರ್ಷದ ಲೆಕ್ಕ ಯಾವ ತಿಂಗಳಲ್ಲಿ ಬರುತ್ತದೆ, ಪ್ರತಿಗಳು ಮುಗಿದು ಮರುಮುದ್ರಣವಾಗದಿದ್ದರೆ ಹಕ್ಕು ಯಾವಾಗ ಮರಳುತ್ತದೆ ಎಂಬ ನಾಲ್ಕು ಸಾಲುಗಳೂ ಅದರಲ್ಲಿರಬೇಕು.

ಅಚ್ಚಿಗೆ ಹೋಗುವಾಗ

ಕರಡು ಬಂದಾಗ ಕಥೆಯನ್ನು ಮತ್ತೆ ಬರೆಯಲು ತೊಡಗಬೇಡಿ; ಒಂದು ಪ್ಯಾರಾ ಸೇರಿಸಿದರೆ ಮುಂದಿನ ಪುಟಗಳೆಲ್ಲ ಜರುಗುತ್ತವೆ. ಪುಟವಿನ್ಯಾಸದಲ್ಲಿ ಕೆಡುವ ಒತ್ತಕ್ಷರ, ಉದ್ಧರಣ ಚಿಹ್ನೆ, ಕಥೆಗಳ ಶೀರ್ಷಿಕೆ ಮತ್ತು ಪರಿವಿಡಿಯ ಪುಟಸಂಖ್ಯೆಗಳನ್ನು ನೋಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ದೆಹಲಿಯ ರಾಜಾ ರಾಮ್‌ಮೋಹನ್ ರಾಯ್ ಸಂಸ್ಥೆಯು ಆನ್‌ಲೈನ್ ಮೂಲಕ ಉಚಿತವಾಗಿ ಕೊಡುತ್ತದೆ. ಅದನ್ನು ಪಡೆಯುವುದು ಪ್ರಕಾಶಕರ ಕೆಲಸ. ಅದಕ್ಕೆಂದು ಲೇಖಕರಿಂದ ಹಣ ಕೇಳುವುದು ನ್ಯಾಯವಲ್ಲ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವವರೂ ಪ್ರಕಾಶಕರೇ. ಪ್ರಶಸ್ತಿಗಳ ಮಾತು ಹಾಗಲ್ಲ. ಪುಸ್ತಕವನ್ನು ಯಾರು ಕಳುಹಿಸಬೇಕೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಇಬ್ಬರೂ ಇನ್ನೊಬ್ಬರು ಕಳುಹಿಸಿದ್ದಾರೆಂದು ಸುಮ್ಮನಿದ್ದು ಕೊನೆಯ ದಿನಾಂಕ ದಾಟಿಹೋಗುತ್ತದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಮಧುರಚೆನ್ನ ದತ್ತಿನಿಧಿ ಬಹುಮಾನ ಲೇಖಕರ ಮೊದಲ ಸ್ವತಂತ್ರ ಕೃತಿಗೆ ಮೀಸಲಾದದ್ದು. ಕೇಂದ್ರ ಸಾಹಿತ್ಯ ಅಕಾಡೆಮಿಯು 2011ರಿಂದ ಕೊಡುತ್ತಿರುವ ಯುವ ಪುರಸ್ಕಾರಕ್ಕೆ 35 ವರ್ಷದ ಮಿತಿಯಿದೆ. ಹಿಂದೆಂದೋ ಸ್ವಂತ ಖರ್ಚಿನಲ್ಲಿ ನಲವತ್ತು ಪುಟದ ಕವನ ಸಂಕಲನವೊಂದನ್ನು ಅಚ್ಚು ಹಾಕಿಸಿ ಊರಿನಲ್ಲಿ ಹಂಚಿದ್ದರೆ, ಮೊದಲ ಕೃತಿಗೆಂದಿರುವ ಬಹುಮಾನಗಳ ಅರ್ಜಿಯಲ್ಲಿ ಅದನ್ನೂ ತಿಳಿಸಬೇಕಾಗುತ್ತದೆ. ಹೀಗಾಗಿ ಆ ಸಂಗತಿಯನ್ನು ಪ್ರಕಾಶಕರಿಗೆ ಮೊದಲ ಪತ್ರದಲ್ಲೇ ಬರೆದಿರುವುದು ಒಳ್ಳೆಯದು.